ಲಡಾಖಿನ ಅಜ್ಜಿಗೆ ಹಾಕಿದ ಹಾರ

ಪುಣೆಯ ಈ ಪಿಂಪ್ರಿಯಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ಫೋಟೊಗೆ ಕಟ್ಟು ಹಾಕುವವರು ಇನ್ನೊಬ್ಬರಿಲ್ಲ. ಜಂಬ ಅಂದರೆ ಅನ್ನಿ, ನನಗೇನೂ ಬೇಜಾರಿಲ್ಲ. ನನ್ನ ಅಂಗಡಿಗೆ ಬರುವ ಮುದುಕರ ಫೋಟೊಗಳೆಲ್ಲ ಹೆಚ್ಚುಕಮ್ಮಿ ಒಂದೇ ಕಾರಣಕ್ಕೆ ಬರುತ್ತವೆ. ಮನೆಯಲ್ಲಿ ಯಾರೋ ತೀರಿಕೊಂಡಿರುತ್ತಾರೆ, ತಿಥಿಯೊಳಗೆ ಫೋಟೊ ಗೋಡೆಗೇರಬೇಕಾಗಿರುತ್ತದೆ. ಕಟ್ಟು ಹಾಕುವುದು ನನ್ನ ಕೆಲಸ. ಗಂಧದ ಚಕ್ಕೆಯ ಹಾರ ಹಾಕಿ, ಊದುಬತ್ತಿ ಬೆಳಗಿ ಕಳಿಸುವುದು ನಮ್ಮತ್ತೆಯ ಕೆಲಸ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಈ ಊರಿನ ಅದೆಷ್ಟೋ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು ಅವರು. ಈಗ ಮೊಣಕಾಲು ಕೈಕೊಟ್ಟಿದೆ, ನಾಲಿಗೆ ಮಾತ್ರ ಗಟ್ಟಿಯಾಗಿದೆ. "ಸತ್ತವರನ್ನ ಬರೇ ಕೊರಳಾಗ ಕಳಸಬಾರದವ್ವಾ" ಎನ್ನುತ್ತಾರೆ.

ಖರಾಡಿಯ ಐಟಿ ಕಂಪನಿಯಲ್ಲಿರುವ ಬೆಂಗಳೂರಿನ ಹುಡುಗಿಯೊಬ್ಬಳಿದ್ದಾಳೆ. ರಜೆ ಸಿಕ್ಕರೆ ಸಾಕು, ಕ್ಯಾಮೆರಾ ಹೆಗಲಿಗೇರಿಸಿ ಹೊರಟುಬಿಡುತ್ತಾಳೆ. ಬಾಯ್ತುಂಬ ಕನ್ನಡ ಮಾತಾಡಬಹುದು ಅಂತ ಅಷ್ಟು ದೂರದಿಂದ ನನ್ನ ಅಂಗಡಿಗೆ ಬರುತ್ತಾಳೆ. ಒಮ್ಮೆ ಲಡಾಖಿನ ಅಜ್ಜಿಯೊಬ್ಬಳ ದೊಡ್ಡ ಫೋಟೊ ಕೊಟ್ಟು, ಅವಸರದಲ್ಲಿ ಓಡಿದಳು. ಮುಖದ ತುಂಬ ಸುಕ್ಕು, ಕಿವಿಯಲ್ಲಿ ನೀಲಿ ಕಲ್ಲು, ಕೈಯಲ್ಲಿ ಉಣ್ಣೆ ನೂಲುವ ಕದಿರು. ಉಳಿದ ಎರಡೇ ಹಲ್ಲನ್ನು ಧಾರಾಳವಾಗಿ ತೋರಿಸಿ ನಗುತ್ತಿದ್ದಳು.

"ಥೇಟ್ ನಮ್ಮ ದೊಡ್ಡವ್ವ ನಕ್ಕಂಗ ಅದ ನೋಡು" ಎಂದರು ಅತ್ತೆ. ಕಟ್ಟು ಮುಗಿದ ಮೇಲೆ ಇದ್ದುದರಲ್ಲೇ ಒಳ್ಳೆಯ ಹಾರ ಆರಿಸಿ ಹಾಕಿದರು. ಗಾಜಿನ ಮೇಲೆ ಕುಂಕುಮ ಇಟ್ಟು, "ಯಾರ ಮಗಳೋ ಏನೋ, ಸುಖವಾಗಿ ಹೋಗವ್ವಾ" ಎಂದು ಕಣ್ಣೊರೆಸಿಕೊಂಡರು. ನನಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಫೋಟೊ ಒಯ್ಯಲು ಬಂದ ಹುಡುಗಿ ಬಾಗಿಲಲ್ಲೇ ಚೀರಿದಳು. "ಅಯ್ಯೋ ಆಂಟಿ, ಏನಿದು! ಅವ್ರು ಬದುಕಿದ್ದಾರೆ!"

ಅತ್ತೆಯ ಮುಖ ಇಳಿದುಹೋಯಿತು. ಹಾರ ತೆಗೆದರು, ಕುಂಕುಮವನ್ನು ಸೆರಗಿನಿಂದ ಒರೆಸಿದರು, ಕೆನ್ನೆ ಕೆನ್ನೆ ಬಡಿದುಕೊಂಡರು. "ಜೀವಂತ ಇದ್ದಾಕಿಗಿ ಹಾರ ಹಾಕಿದೆನಲ್ಲೋ ಶಿವನೇ! ಆಕಿಗೇನರ ಆದ್ರ ನನ್ನ ಕೈಯಾರೆ ಮಾಡಿದಂಗ. ಹ್ಯಾಂಗ ಅದಾಳ ಕೇಳು, ಫೋನ್ ಹಚ್ಚು."

"ನಂಬರ್ ಇಲ್ಲ ಅಜ್ಜಿ. ಅಲ್ಲಿ ನೆಟ್‌ವರ್ಕೇ ಸಿಗಲ್ಲ. ಆಕ್ಚುಲಿ ಹೆಸರೂ ಕೇಳ್ಲಿಲ್ಲ."

"ಹೆಸರ ಕೇಳದ ಬರೇ ಮಾರಿ ತಗೊಂಡು ಬಂದಿಯೇನ?"

ಹುಡುಗಿ ಫೋಟೊ ಎತ್ತಿಕೊಂಡು ಹೊರಟಳು. ಅಂದಿನಿಂದ ಅತ್ತೆಗೆ ಅದೇ ಕೊರಗು. ದೀಪ ಹಚ್ಚುವಾಗ ಆ ಅಜ್ಜಿಯ ಹೆಸರಲ್ಲೂ ಒಂದು ಬತ್ತಿ. ಹೆಸರು ಗೊತ್ತಿಲ್ಲವಲ್ಲ, "ಆ ನಗೋ ಮುದುಕಿ" ಎಂದೇ ಬೇಡಿಕೆ. ನಾನು ರೇಗಿದೆ. "ಹಾರ ಹಾಕಿದ್ರ ಸಾಯ್ತಾರಂದ್ರ ನಮ್ಮ ವಾರ್ಡಿನ ಲೀಡರ್ ಒಬ್ಬರೂ ಉಳೀತಿರಲಿಲ್ಲ ಬಿಡ್ರಿ!" ಅತ್ತೆ ನಗಲಿಲ್ಲ. ಅವರು ನಗದಿದ್ದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಬೇಸಿಗೆಯಲ್ಲಿ ಹುಡುಗಿ ಮತ್ತೆ ಲಡಾಖಿಗೆ ಹೊರಟಳು. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಅಂಗಡಿ ಮುಂದೆ ಕೂತು, "ನಂದೂ ಒಂದ್ ಫೋಟೊ ಹೊಡಿ. ಆಕಿ ಮಾರಿ ನಾ ನೋಡೀನಿ, ನನ್ನ ಮಾರಿ ಆಕಿ ನೋಡ್ಲಿ" ಎಂದರು. ನಾನು ಅದಕ್ಕೆ ತೇಗದ ಕಟ್ಟು ಹಾಕಿದೆ. ಜೊತೆಗೆ ತಿಂಗಳಾದರೂ ಕೆಡದ, ಒಣಗಿಸಿದ ಗಟ್ಟಿ ಕಟಕ ರೊಟ್ಟಿ, ಶೇಂಗಾ ಚಟ್ನಿ. ಹುಡುಗಿಯನ್ನು ಪಕ್ಕಕ್ಕೆ ಕರೆದು, "ಏನಾದರೂ ಆಗಿದ್ರ ಸುಳ್ಳು ಹೇಳು, ನಾ ಸಂಭಾಳಿಸ್ತೀನಿ" ಎಂದೆ.

ವಾಪಸು ಬಂದವಳು ಮೊಬೈಲನ್ನು ನೇರ ನನ್ನ ಕೈಗೆ ಕೊಟ್ಟಳು. ಮಣ್ಣಿನ ಗೋಡೆ. ಅದರ ಮೇಲೆ ನಾನೇ ಕಟ್ಟು ಹಾಕಿದ ನಮ್ಮತ್ತೆ. ಆ ಕಟ್ಟಿನ ಸುತ್ತ ಉದ್ದನೆಯ ಬಿಳಿ ಬಟ್ಟೆ, ಹಾರದ ಹಾಗೆ ಇಳಿಬಿದ್ದಿತ್ತು. ಅಯ್ಯಯ್ಯೋ, ನಮ್ಮತ್ತೆಯನ್ನೇ ಕಳಿಸಿಬಿಟ್ಟರಲ್ಲ! ಮೊಬೈಲ್ ಮುಚ್ಚಿಟ್ಟುಕೊಳ್ಳುವಷ್ಟರಲ್ಲಿ ಅತ್ತೆ ಕಸಿದುಕೊಂಡಿದ್ದರು.

"ಅದು ಮರ್ಯಾದೆಗೆ ಹಾಕೋದು ಅಜ್ಜಿ" ಎಂದಳು ಹುಡುಗಿ. "ಅವರ ಕಡೆ ಬದುಕಿರೋರಿಗೂ ಹಾಕ್ತಾರೆ. ನೆಕ್ಸ್ಟ್ ಫೋಟೊ ನೋಡಿ."

ಮುಂದಿನ ಫೋಟೊದಲ್ಲಿ ಅದೇ ಅಜ್ಜಿ, ಅತ್ತೆಯ ಫೋಟೊದ ಕೆಳಗೇ ಕೂತು ರೊಟ್ಟಿ ಕಡಿಯಲು ಹೆಣಗುತ್ತಿದ್ದಳು.

ಅತ್ತೆ ನೋಡಿದರು, ನೋಡಿಯೇ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾ ಆಕಿಗಿ ಹಾಕಿದೆ, ಆಕಿ ನನಗ ಹಾಕ್ಯಾಳ. ಇಬ್ರೂ ಗಟ್ಟಿ ಅದೀವಿ ನೋಡು!" ಹುಡುಗಿ ಈ ಸಲ ಹೆಸರು ಕೇಳಿಕೊಂಡು ಬಂದಿದ್ದಳು. ಅತ್ತೆ ಆ ಹೆಸರನ್ನು ಬಾಯಿಗೆ ಒಗ್ಗುವವರೆಗೂ ಹೇಳಿ ಹೇಳಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇನ್ನ ಮ್ಯಾಲ ಕಟಕ ರೊಟ್ಟಿ ಬ್ಯಾಡ. ಮೆತ್ತಗ ಶೇಂಗಾ ಉಂಡಿ ಕಟ್ಟೋಣು. ಆಕಿಗಿ ಹಲ್ಲಿಲ್ಲ."