ಲಾಡಸಾಬ ಎಳೆದ ಲೈನು

ಅಸೂಟಿಯಲ್ಲಿ ಯಾರ ಮನೆಗೆ ಹೊಸದಾಗಿ ವಾಯರಿಂಗ್ ಆಗಬೇಕಾದರೂ ಮೊದಲು ಲಾಡಸಾಬನಿಗೇ ಹೇಳಿಕಳಿಸುತ್ತಿದ್ದರು. ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿದವನು. ಕೈ ನಿಧಾನ, ಮಾತು ಇನ್ನೂ ನಿಧಾನ. ಅವಸರ ಮಾಡಿದರೆ ಮಾತ್ರ ಪಕ್ಕಡ ಚೀಲಕ್ಕೆ ಹಾಕಿಕೊಂಡು ಎದ್ದೇ ಹೋಗುವಷ್ಟು ಹಟ. "ಕರೆಂಟಿಗೆ ಕಣ್ಣಿಲ್ರಿ, ನಮಗ ಅದಾವು" ಎನ್ನುತ್ತಿದ್ದ.

ಸಾವುಕಾರ ಹೂವಪ್ಪ ಹಿತ್ತಲಲ್ಲಿ ಎಮ್ಮೆಗಳಿಗೆಂದು ತಗಡಿನ ಶೆಡ್ಡು ಹಾಕಿಸಿ, ಮೇವು ಕತ್ತರಿಸುವ ಮಷಿನ್ನು ತಂದಾಗ ಮನೆಯಿಂದ ಅಲ್ಲಿಗೆ ಲೈನು ಎಳೆಯಲು ಕರೆದದ್ದೂ ಅವನನ್ನೇ. ಬೇವಿನ ಟೊಂಗೆಗೆ ವಾಯರು ಸುತ್ತಿ ಅರ್ಧ ದಿನದಲ್ಲಿ ಮುಗಿಸು ಎಂದ ಹೂವಪ್ಪನ ಮಗ ಶಶಿಕಾಂತ. ಲಾಡಸಾಬ ಒಪ್ಪಲಿಲ್ಲ. ಮೊಣಕಾಲುದ್ದ ತಗ್ಗು ತೆಗೆಸಿ ಪೈಪಿನೊಳಗೆ ಕೇಬಲ್ ಹಾಯಿಸಿದ. ಬೇಸಿಗೆಯಲ್ಲಿ ಎರೆಮಣ್ಣು ಬಿರಿದರೆ ಪೈಪು ಜಗ್ಗುತ್ತದೆಂದು ಎರಡೂ ತುದಿಗೆ ಒಂದೊಂದು ಮೊಳ ಸಡಿಲ ಬಿಟ್ಟ. ಶೆಡ್ಡಿನ ಪಕ್ಕ ಕುಣಿ ತೋಡಿ, ಉಪ್ಪು, ಇದ್ದಲಿ ತುಂಬಿ ಅರ್ಥಿಂಗ್ ಪೈಪು ಹುಗಿದು, ಮಷಿನ್ನಿನ ಮೈಗೆ ಬಂದ ಕರೆಂಟು ನೆಲಕ್ಕಿಳಿಯಲೆಂದು ಅಲ್ಲಿಂದ ಹಸಿರು ವಾಯರು ತಂದು ಅದಕ್ಕೆ ಬಿಗಿದ. ಎಲ್ಲಾದರೂ ಕರೆಂಟು ಸೋರಿದರೆ ಲೈನು ತಾನಾಗಿಯೇ ಬಂದಾಗುವಂತೆ ಟ್ರಿಪ್ಪರ್ ಡಬ್ಬಿಯನ್ನೂ ಕೂಡಿಸಿದ. ಮೂರು ದಿನ ಹಿಡಿಯಿತು. ಮೂರೂ ದಿನ ಹೂವಪ್ಪನ ಹೆಂಡತಿ ನೀಲವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟಳು.

"ಅಕ್ಕಾ, ಆ ಕುಣಿಗೆ ಆಗಾಗ ಒಂದ ಕೊಡ ನೀರ ಹಾಕ್ರಿ" ಎಂದ.

"ತುಳಸಿಗೆ ಹಾಕಿಧಂಗ ಹಾಕ್ತೀನಿ ತಗೋಪಾ" ಎಂದು ನಕ್ಕಳು.

ಎರಡು ತಿಂಗಳಾದ ಮೇಲೆ ಮಷಿನ್ನು ಹಚ್ಚಿದಾಗಲೆಲ್ಲ ಲೈನು ಬಂದಾಗತೊಡಗಿತು. ಶಶಿಕಾಂತ ಫೋನಿನಲ್ಲಿ ರೇಗಾಡಿದ. ಲಾಡಸಾಬ ಬಂದು ಎಲ್ಲ ಬಿಚ್ಚಿ ನೋಡಿದ. "ಲೈನ ಚಲೋ ಐತ್ರಿ. ಮೋಟಾರ ಕೆಟ್ಟೈತಿ, ಕರೆಂಟ ಮಷಿನ್ನಿನ ಮೈಗೆ ಬರಾಕತ್ತೈತಿ. ರೋಣಕ್ಕ ಒಯ್ದು ವೈಂಡಿಂಗ್ ಮಾಡಿಸ್ರಿ. ಅಲ್ಲೀತನಾ ಹಚ್ಚಬ್ಯಾಡ್ರಿ" ಎಂದು ಹೇಳಿ ಹೋದ.

ಹನ್ನೊಂದು ದಿನಕ್ಕೆ ಸುದ್ದಿ ಬಂತು. ಬೆಳಿಗ್ಗೆ ಗಂಜಳದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮಷಿನ್ನಿಗೆ ಮೇವು ಕೊಡುತ್ತಿದ್ದ ನೀಲವ್ವ ಅಲ್ಲೇ ಬಿದ್ದು ಸತ್ತಿದ್ದಳು.

ಲಾಡಸಾಬ ಓಡಿಬಂದಾಗ ಶೆಡ್ಡಿನ ಗೋಡೆಯ ಮೇಲೆ ಡಬ್ಬಿ ಇರಲಿಲ್ಲ, ವಾಯರೂ ಇರಲಿಲ್ಲ. ಎಲ್ಲ ಕಿತ್ತು ಎಲ್ಲಿಗೋ ಹಾಕಿದ್ದರು. ಅಂಗಳದ ತುಂಬ ಕೂತ ಮಂದಿ ಅವನನ್ನೇ ನೋಡಿದರು. ಹೂವಪ್ಪ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ಕೆಲಸದಾಗ ತಪ್ಪಾಗೇತಿ. ಹೋದ ಜೀವ ಬರೂದಿಲ್ಲ. ನಾ ಕೇಸ ಮಾಡೂದಿಲ್ಲ. ಬಡವ, ಹೆಂಡ್ರು ಮಕ್ಕಳು ಅದಾವ ಅವಗ."

ಎಂಥಾ ದೊಡ್ಡ ಮನಸ್ಸು ಎಂದರು ಮಂದಿ. ಲಾಡಸಾಬ ಅಷ್ಟೂ ಜನರ ಮುಂದೆ ಕೈ ಮುಗಿದು ನಿಂತ.

ಹಚ್ಚಬೇಡಿರೆಂದು ಹೇಳಿದ್ದು ನಿಜ, ಆದರೆ ಹಚ್ಚಿದರೂ ಡಬ್ಬಿ ಲೈನು ಬಂದ್ ಮಾಡಬೇಕಿತ್ತಲ್ಲ. ತಾನೇ ನಟ್ಟು ಸಡಿಲ ಬಿಟ್ಟೆನೇ? ಹಸಿರು ವಾಯರಿನ ತುದಿ ಸರಿಯಾಗಿ ಹೆರೆಯಲಿಲ್ಲವೇ? ಊಟಕ್ಕೆ ಕೂತರೂ ಅವನ ಬೆರಳು ಗಾಳಿಯಲ್ಲಿ ನಟ್ಟು ಬಿಗಿಯುತ್ತಿದ್ದವು. ಹೆಂಡತಿ ಮದರಬಿ ಆ ಕೈ ಹಿಡಿದು ತಾಟಿನ ಮೇಲಿಡುತ್ತಿದ್ದಳು. ಊರಲ್ಲಿ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕಡೆಗೆ ಗಜೇಂದ್ರಗಡದ ಒಂದು ಮೋಟಾರು ರಿಪೇರಿ ಅಂಗಡಿಯಲ್ಲಿ, ಒಂದು ಕಾಲಕ್ಕೆ ತಾನೇ ಕೆಲಸ ಕಲಿಸಿದವನ ಕೈಕೆಳಗೆ ಆಳಾಗಿ ನಿಂತ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಆ ಹಸಿರು ವಾಯರಿನಿಂದಲೇ ಶಾಕ್ ಹೊಡೆದದ್ದು ಎಂಬ ಮಾತು ಊರಲ್ಲಿ ಹಬ್ಬಿ, ಅವನೇ ಹಾಕಿಕೊಟ್ಟ ಅರ್ಥಿಂಗನ್ನು ಒಬ್ಬೊಬ್ಬರಾಗಿ ಕತ್ತರಿಸಿ ಒಗೆದಿದ್ದರು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಆ ಅಂಗಡಿಗೆ ಮಹೇಶ್ವರಿ ಬಂದಳು, ಶಶಿಕಾಂತನ ಹೆಂಡತಿ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದಳು: "ಕಾಕಾ, ನಿಮ್ಮ ತಪ್ಪಿರಲಿಲ್ರಿ. ಘಳಿಗಿಗೊಮ್ಮೆ ಬಂದ ಆಗ್ತೈತಂತ ನಮ್ಮವರು ಹಸರ ವಾಯರ ಕಿತ್ತರು, ಡಬ್ಬಿ ತಪ್ಪಿಸಿ ಲೈನ ಡೈರೆಕ್ಟ್ ಕೂಡಿಸಿದರು. ನಾ ಬಾಜೂಕ ನಿಂತಿದ್ನಿ. ಅತ್ತಿಯವರಿಗೆ ಹೇಳಬೇಕಾಗಿತ್ತು, ಹೇಳಲಿಲ್ಲ." ಮತ್ತೊಮ್ಮೆ ಬಾಗಿಲ ಕಡೆ ನೋಡಿದಳು. "ನಾ ಹೇಳೀನಂತ ಗೊತ್ತಾದ್ರ ನನ್ನ ಬಾಳೇವು ಮುಗೀತ್ರಿ."

ಮರುದಿನ ಲಾಡಸಾಬ ಕೆಲಸಕ್ಕೆ ಹೋಗದೆ ಹೂವಪ್ಪನ ಹೊಲಕ್ಕೆ ಹೋದ.

"ಸಾವ್ಕಾರ್ರ, ಆ ಲೈನ ಬದಲ ಮಾಡಿದ್ದರು. ನಿಮಗ ಗೊತ್ತಿತ್ತಲ್ರಿ?"

"ಯಾರ ಹೇಳಿದ್ರು?"

"ಯಾರೂ ಹೇಳಿಲ್ಲ. ಎರಡ ವರ್ಷ ಅದನ್ನs ವಿಚಾರ ಮಾಡೀನಿ."

ಹೂವಪ್ಪ ಬದುವಿನ ಮೇಲೆ ಕೂತ. "ಅವತ್ತs ಗೊತ್ತಾತು. ಪೊಲೀಸರು ಬಂದು ನೋಡಿದ್ರ ಮಗಾ ಒಳಗ ಹೋಗತಿದ್ದ. ಹೇಣ್ತಿ ಹೋಗಿದ್ಳು, ಮಗನ್ನೂ ಕಳಕೊಳ್ಳಲೇನು?"

"ಅದಕ್ಕ ನನ್ನ ಮಾನಾ ಕಳದ್ರಿ?"

"ಊರಾಗ ಹೇಳ್ತೀಯೇನು? ಹೇಳು. ಮಂದಿ ಮುಂದ ಕೈ ಮುಗದಾಂವ ನೀನs."

ಮನೆಗೆ ಬಂದು ಮದರಬಿಗೆ ಎಲ್ಲ ಹೇಳಿದ. ಅವಳು ಸೆರಗು ಬಿಗಿದು ಬೀದಿಗೆ ಹೊರಟಳು. ಮಹೇಶ್ವರಿಯ ಗತಿ ಏನೆಂದು ಅವನು ಬಾಗಿಲಿಗೆ ಅಡ್ಡ ನಿಂತ. "ನಮ್ಮ ಗತಿ ಯಾರ ಕೇಳಿದ್ರು?" ಎಂದಳು ಮದರಬಿ. ಹೊರಗೆ ಹೋಗಲಿಲ್ಲ, ಆದರೆ ಅವನೊಡನೆ ಎಂಟು ದಿನ ಮಾತೂ ಆಡಲಿಲ್ಲ.

ಒಂದು ಕೆಲಸವನ್ನಾದರೂ ಮಾಡಬೇಕೆನ್ನಿಸಿತು ಅವನಿಗೆ. ಭಾನುವಾರ ಚೀಲ ಹೆಗಲಿಗೇರಿಸಿ, ಹಿಂದೆ ತಾನೇ ಅರ್ಥಿಂಗ್ ಹಾಕಿಕೊಟ್ಟಿದ್ದ ಹನಮಪ್ಪನ ಮನೆಗೆ ಹೋದ. ಆ ಹಿತ್ತಲಿನ ಶೆಡ್ಡಿನಲ್ಲೂ ಅಂಥದೇ ಮಷಿನ್ನು, ಕತ್ತರಿಸಿದ ಹಸಿರು ವಾಯರು ಗೋಡೆಗೆ ಜೋತುಬಿದ್ದಿತ್ತು.

"ಹನಮಪ್ಪಣ್ಣ, ಅದನ್ನ ಹೊಳ್ಳಿ ಕೂಡಿಸಿ ಕೊಡ್ತೀನಿ. ಪುಗಸೆಟ್ಟೆ ಮಾಡ್ತೀನ್ರಿ. ಅದು ಇಲ್ಲದ ಮಷಿನ್ ಹಚ್ಚಬ್ಯಾಡ್ರಿ."

ಹನಮಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಒಂದ ಹೆಣಾ ಸಾಕಾಗಿಲ್ಲೇನೋ ನಿನಗ?" ಎಂದು ಹಿತ್ತಲ ಬಾಗಿಲು ಎಳೆದುಕೊಂಡ. ಬಾಗಿಲ ಸಂದಿಯಲ್ಲಿ ಕಂಡಂತೆ, ಒಳಗೆ ಅವನ ಸೊಸೆ ಮೇವಿನ ಹೊರೆ ಬಿಚ್ಚುತ್ತಿದ್ದಳು. ಲಾಡಸಾಬ ಚೀಲ ಹಿಡಿದು ಅಲ್ಲೇ ನಿಂತಿದ್ದಾಗ ಮಷಿನ್ನು ಶುರುವಾದ ಸದ್ದು ಕೇಳಿಸಿತು.