ಕ್ಲಾರೆನ್ಸ್ ಕೇಳಬೇಕೆಂದಿದ್ದ ಗಿಟಾರು

ನನ್ನ ಗಂಡ ಕ್ಲಾರೆನ್ಸ್ ಮಸ್ಕತ್ತಿನ ಒಂದು ಕಂಪನಿಯ ಅಕೌಂಟ್ಸಿನಲ್ಲಿ ಕೂತು ತಲೆ ಹಣ್ಣಾಗಿಸಿಕೊಂಡ ಮನುಷ್ಯ. ಅಲ್ ಅಜೈಬಾದಲ್ಲಿ ನಮ್ಮ ಫ್ಲ್ಯಾಟು. ಇಲ್ಲಿ ವಾರದ ರಜೆ ಶುಕ್ರವಾರ; ಅಂದು ಇಗರ್ಜಿಯಿಂದ ಬಂದು, ಉಂಡು, ಗಿಟಾರು ಹಿಡಿದರೆ ಖಲಾಸ್; ಮನೆಗೆ ಬೆಂಕಿ ಬಿದ್ದರೂ ಏಳುವವರಲ್ಲ. ಜೊತೆಗೆ ಪುರಾಣ ಬೇರೆ. ಬೀಟಲ್ಸ್‌ನವರು ಡಿಲನ್‌ನ ಹಾಡು ಕೇಳಿ ತಮ್ಮ ಹಾಡಿನ ಮಾತನ್ನೇ ಬದಲಿಸಿದರಂತೆ, ಅವರ ಅಬ್ಬರ ಕೇಳಿ ಡಿಲನ್ ಕರೆಂಟಿನ ಗಿಟಾರು ಹಿಡಿದನಂತೆ. ಅರುವತ್ತರ ದಶಕದ ಆ ಕೊಡುಕೊಳ್ಳುವಿಕೆಯೆಲ್ಲ ನನಗೀಗ ಜಪಮಾಲೆಯ ಹಾಗೆ ಬಾಯಿಪಾಠ.

ಈ ಪುರಾಣದ ಕೊನೆಗೆ ಗ್ಯಾವಿನ್ ಬಂದೇ ಬರುತ್ತಿದ್ದ. ಮಂಗಳೂರಿನಲ್ಲಿ ಇವರ ನೆರೆಮನೆಯ ಗೆಳೆಯ. ಗಲ್ಫಿನಿಂದ ಯಾರೋ ತಂದ ಒಂದೇ ಕ್ಯಾಸೆಟ್ಟನ್ನು ಸರದಿಯಲ್ಲಿ ಮನೆಗೆ ಒಯ್ದು ಇಬ್ಬರೂ ಕಲಿತರು. ಇಬ್ಬರ ಟೇಪ್ ರೆಕಾರ್ಡರಿನಲ್ಲೂ ಬದುಕಿದ್ದದ್ದು ಒಂದೊಂದೇ ಸ್ಪೀಕರ್, ಇವರದರಲ್ಲಿ ಎಡದ್ದು, ಅವನದರಲ್ಲಿ ಬಲದ್ದು. ಆ ಕಾಲದ ಎಷ್ಟೋ ಹಾಡುಗಳಲ್ಲಿ ಒಂದು ವಾದ್ಯ ಒಂದೇ ಕಡೆಯ ಸ್ಪೀಕರಿನಿಂದ ಬರುತ್ತಿತ್ತು. ಹಾಗಾಗಿ ಇವರು ಕಲಿತದ್ದು ತಂತಿಗಳನ್ನೆಲ್ಲ ಒಟ್ಟಿಗೆ ಸವರುವ ತಾಳ, ಗ್ಯಾವಿನ್ ಕಲಿತದ್ದು ಒಂದೊಂದೇ ತಂತಿ ಮೀಟುವ ರಾಗ. ನಿನ್ನದು ತಪ್ಪು, ನಿನ್ನದೇ ತಪ್ಪು ಎಂದು ವಾರಗಟ್ಟಲೆ ಮಾತು ಬಿಟ್ಟಿದ್ದರಂತೆ, ಮಂಗಗಳು. ಕೊನೆಗೆ ನನ್ನ ಅಕ್ಕನ ರೋಸಿನಲ್ಲಿ, ಅಂದರೆ ಮದುವೆಯ ಮುನ್ನಾದಿನ ವಧುವಿಗೆ ತೆಂಗಿನ ಹಾಲು ಹಚ್ಚುವ ಸಂಜೆ, ಒಟ್ಟಿಗೆ ಬಾರಿಸಿದಾಗಲೇ ಹಾಡು ಪೂರ್ತಿಯಾದದ್ದು. ಅಂದಿನಿಂದ ಒಬ್ಬರಿಗೊಬ್ಬರು ಗುರುಗಳು.

ಆಮೇಲೆ ಇವರು ಮಸ್ಕತ್ತಿಗೆ ಬಂದರು, ಅವನು ಹಡಗಿನ ಕೆಲಸಕ್ಕೆ ಸೇರಿದ. ಇವರ ರಜೆಯೂ ಅವನ ರಜೆಯೂ ಕೂಡಿಬರಲೇ ಇಲ್ಲ. ಫೋನಿನಲ್ಲೇ ಬಾರಿಸು ಎಂದರೆ, ಎದುರು ಕೂತಾಗ ಎನ್ನುತ್ತಿದ್ದ. ಹೋದ ವರ್ಷ ಎದೆನೋವು ಬಂದು ಹೋಗಿಯೇಬಿಟ್ಟ. ಅವನು ಬಾರಿಸಿದ್ದರ ಒಂದು ತುಣುಕೂ ಎಲ್ಲಿಯೂ ಉಳಿದಿರಲಿಲ್ಲ. ಒಂದೇ ಒಂದು ಸಲ ಅವನ ಕೈಯ ಗಿಟಾರು ಕೇಳಬೇಕಿತ್ತು ಎಂದು ಇವರು ಹಂಬಲಿಸಿ ಹಂಬಲಿಸಿ ಸೊರಗಿದರು. ನನಗಾಗಿಯೂ ಇಷ್ಟು ಹಂಬಲಿಸಿದವರಲ್ಲ ಈ ಮಹಾರಾಯ.

ಮೊನ್ನೆ ಗ್ಯಾವಿನ್‌ನ ಮಗ ಜೋಸ್ಟನ್ ಕೆಲಸ ಸಿಕ್ಕಿ ಇಲ್ಲೇ ಮಸ್ಕತ್ತಿನ ಅಲ್ ಮವಾಲೇಹ್‌ಗೆ ಬಂದ. ಅವನಿಗೆ ಅಪ್ಪನೇ ಗಿಟಾರು ಕಲಿಸಿದ್ದು ಎಂದು ತಿಳಿದದ್ದೇ ತಡ, ಶುಕ್ರವಾರ ಊಟಕ್ಕೆ ಕರೆದರು. ನಾನು ಸಾನ್ನ, ಕೋಳಿಸಾರು ಮಾಡಿದ್ದೆ. ಉಂಡ ಕೈ ಒರಸಿಕೊಳ್ಳಲೂ ಪುರುಸೊತ್ತು ಕೊಡದೆ ಇವರು ಗಿಟಾರು ಹಿಡಿಸಿ, ನಿನ್ನ ಅಪ್ಪ ಬಾರಿಸುತ್ತಿದ್ದ ಹಾಗೆಯೇ ಬಾರಿಸು ಎಂದರು.

ಜೋಸ್ಟನ್ ಬಾರಿಸಿದ. ತಂತಿಗಳನ್ನೆಲ್ಲ ಒಟ್ಟಿಗೆ ಸವರಿ, ತಾಳ ಹಿಡಿದು. ಇವರ ಮುಖ ಇಳಿದುಹೋಯಿತು.

“ಡ್ಯಾಡಿ ಯಾವಾಗ್ಲೂ ಹೀಗೇ ಬಾರಿಸ್ತಿದ್ದದ್ದು ಅಂಕಲ್. ಇದು ಕ್ಲಾರೆನ್ಸನ ಕೈ, ಸರಿಯಾಗಿ ಕಲಿ ಅಂತಿದ್ರು,” ಎಂದ.

ಕ್ಲಾರೆನ್ಸ್ ಕಿಟಕಿಯತ್ತ ತಿರುಗಿ ಕೂತರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಅಕ್ಕನ ರೋಸಿನ ದಿನ ಇವರ ಕೈಯಲ್ಲಿದ್ದದ್ದು ಆ ತಾಳ. ಮಸ್ಕತ್ತಿಗೆ ಬಂದ ಮೇಲೆ ಇವರು ಬಾರಿಸಿದ್ದೆಲ್ಲ ಒಂದೊಂದೇ ತಂತಿ ಮೀಟಿ. ಅದು ಯಾರ ಕೈ ಎಂದು ಇವರಿಗೆ ಒಮ್ಮೆಯಾದರೂ ಹೊಳೆಯಬಾರದೇ?

“ಗ್ಯಾವಿನ್ ನಿಮ್ಮ ಕೈಯಲ್ಲೇ ಇದ್ದಾನೆ ಮಾರಾಯ್ರೆ,” ಎಂದೆ. “ನಾನು ಪ್ರತಿ ಶುಕ್ರವಾರ ಕೇಳ್ತೇನೆ.”

“ನನಗೆ ಕೇಳುವುದಿಲ್ಲವಲ್ಲ, ಐಡಾ. ನನಗೆ ನಾನೇ ಕೇಳುವುದು.”

ಜೋಸ್ಟನ್ ಎದ್ದು ಬಂದು ಗಿಟಾರನ್ನು ಇವರ ಮಡಿಲಲ್ಲಿಟ್ಟ. ಅಪ್ಪನ ಆ ಕೈಯನ್ನು ತಾನು ಕೇಳಿಯೇ ಇಲ್ಲ, ಬಾರಿಸಿ ಎಂದು ಬೇಡಿಕೊಂಡ. ಇವರು ಬಾರಿಸಿದರು. ಹುಡುಗ ಕಣ್ಣು ಮುಚ್ಚಿ ಕೇಳುತ್ತ ಅಳತೊಡಗಿದ. ಇವರು ಅವನ ಮುಖವನ್ನೇ ನೋಡುತ್ತ ಬಾರಿಸಿದರು, ಅಲ್ಲಿಯಾದರೂ ಗ್ಯಾವಿನ್ ಕೇಳಿಸುತ್ತಾನೋ ಎಂದು.