ಹಾಲಿಲ್ಲದ ಮನೆಯ ಟೀ

"ಹಸಿನ ಹಾಲೆಲ್ಲ ಡೇರಿಗೆ ಹೋಗ್ತಿತ್ತು. ಕೂಸು ಅತ್ರೆ ಬೆಲ್ಲದ ಟೀ ಕುಡಿಸ್ತಿದ್ದೆ ಕಣಮ್ಮ" ಎಂದಳು ಅಜ್ಜಿ.

ನಮ್ಮ ದೊಡ್ಡಬಳ್ಳಾಪುರದ ಕಡೆಗೆ ಟೀ ಬಂದ ಕಥೆ ಹುಡುಕಲು ಹೊರಟ ನಾವು ಮೂವರು ವಿದ್ಯಾರ್ಥಿನಿಯರು ಮೊದಲು ಕೂತದ್ದು ನನ್ನ ಅಜ್ಜಿಯ ಮುಂದೆ. ಗೆಳತಿ ನಗುತ್ತಾ, "ಎಳೇ ಕೂಸಿಗೂ ಟೀನಾ ಅಜ್ಜಿ?" ಎಂದಳು.

"ಇನ್ನೇನ್ ಮಾಡ್ಲವ್ವ? ನನ್ನೆದೆ ಹಾಲು ಸಾಲ್ತಿರ್ಲಿಲ್ಲ. ಇವಳಪ್ಪ ಹೆಂಗೋ ಉಳ್ಕೊಂಡ. ಅವನಕ್ಕ ಉಳೀಲಿಲ್ಲ."

ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದ ನಾನು ಅದನ್ನು ನಿಲ್ಲಿಸಿದೆ. ಅಪ್ಪನೇ ಮನೆಯ ಮೊದಲ ಮಗು ಎಂದುಕೊಂಡಿದ್ದೆ.

ಸಂಜೆ ವಿಷಯ ತಿಳಿಸಿದಾಗ ಅಪ್ಪ ದಂಗಾದರು. ತಮಗೊಬ್ಬಳು ಅಕ್ಕ ಇದ್ದಳೆಂಬುದು ಅವರಿಗೂ ಗೊತ್ತಿರಲಿಲ್ಲ. ಹೋಗಿ ಅಜ್ಜಿಯ ಪಕ್ಕ ಕುಳಿತು, "ಅವಳಿಗೆ ಏನಂತ ಹೆಸರಿಟ್ಟಿದ್ದೆ ಅವ್ವ?" ಎಂದು ಕೇಳಿದರು.